ಅಕ್ಕ ಯಾರಿಗೆ ವೋಟು ಹಾಕಿದರು

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಮ್ಮ ಎದುರು ಫ್ಲಾಟಿನಲ್ಲಿದ್ದ ದಂಪತಿ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು. ಅಮೆರಿಕದಲ್ಲಿ ಬಹಳ ವರ್ಷ ಆಸ್ಪತ್ರೆಯ ಕೆಲಸ ಮಾಡಿ, ಅಲ್ಲಿನ ಪೌರತ್ವವನ್ನೂ ಪಡೆದು, ಆಮೇಲೆ ಇಲ್ಲಿನ ಆಸ್ಪತ್ರೆಯೊಂದಕ್ಕೆ ಬಂದವರು. ನಾನು ಮೈಸೂರಿನವಳು. ಆಕೆಯನ್ನು ಅಕ್ಕ ಎನ್ನುತ್ತಿದ್ದೆ, ಆಕೆಯ ಗಂಡನನ್ನು ಭಾವ.

ಅಮೆರಿಕದ ಅಧ್ಯಕ್ಷರ ಚುನಾವಣೆ ಹತ್ತಿರವಾದಂತೆ ಆ ಮನೆಯಲ್ಲಿ ಮಾತು ಕಡಿಮೆಯಾಯಿತು. ಇಬ್ಬರಿಗೂ ಇಲ್ಲಿಂದಲೇ ವೋಟು ಕಳಿಸುವ ಹಕ್ಕಿತ್ತು. ಭಾವ ಒಂದು ಪಕ್ಷದ ಕಡೆಗಿದ್ದರು. ಅದರ ಮೇಲಿನ ಪ್ರೀತಿಗಿಂತ ಇನ್ನೊಂದು ಗೆದ್ದೀತೆಂಬ ಭಯವೇ ದೊಡ್ಡದು. ಅಕ್ಕನಿಗೆ ಎರಡರಲ್ಲೂ ನಂಬಿಕೆ ಹೋಗಿತ್ತು. ಟೀವಿಯಲ್ಲಿ ಅಭ್ಯರ್ಥಿಗಳು ವಾದಿಸುವಾಗ ಧ್ವನಿ ತಗ್ಗಿಸಿ, ಅವರ ಮುಖಗಳನ್ನಷ್ಟೇ ನೋಡುತ್ತಾ ಕೂರುತ್ತಿದ್ದರು.

ಒಂದು ಸಂಜೆ ಭಾವ ಲಿಫ್ಟಿನಲ್ಲಿ ನನ್ನನ್ನು ತಡೆದರು. ಗೆಲ್ಲಲಾರದ ಮೂರನೆಯ ಅಭ್ಯರ್ಥಿಗೆ ಅಕ್ಕ ವೋಟು ಹಾಕುವಂತೆ ಕಾಣುತ್ತದೆ, ಅದು ವೋಟನ್ನು ಕಸಕ್ಕೆ ಹಾಕಿದಂತೆ, ನೀನು ಹೇಳಿದರೆ ಕೇಳಿಯಾಳು ಎಂದರು. ನಾನು ಕೇಳಿ ನೋಡುತ್ತೇನೆ ಎಂದೆ.

ಭಾನುವಾರ ಅವರ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ, ಯಾರಿಗೆ ಹಾಕಬೇಕೆಂದು ಯೋಚಿಸಿದ್ದೀರಿ ಎಂದು ಕೇಳಿದೆ. ಮೀನು ತೊಳೆಯುತ್ತಿದ್ದ ಅಕ್ಕ ನಲ್ಲಿ ನಿಲ್ಲಿಸಿದರು.

"ಅವರು ಕಳಿಸಿದ್ದಾ ನಿನ್ನನ್ನು?"

ನಾನು ಹೌದು ಎಂದೆ.

"ಎಲ್ಲರೂ ಹೆದರಿಸ್ಲಿಕ್ಕೇ ಬರ್ತಾರೆ ಮಾರಾಯ್ತಿ. ಇವನು ಬೇಡಾಂದ್ರೆ ಅವನು, ಅವನು ಬೇಡಾಂದ್ರೆ ಇವನು. ನಂಗೆ ಎಂತ ಬೇಕೂಂತ ಒಬ್ಬರಾದ್ರೂ ಕೇಳಿದ್ದುಂಟಾ?"

ಆಮೇಲೆ ಅವರು ಬಹಳ ಹೊತ್ತು ಮಾತಾಡಿದರು. ಅಮೆರಿಕದಲ್ಲಿ ಮೊದಲ ಸಲ ವೋಟು ಹಾಕಿದಾಗ ಹೊಸ ಸೀರೆ ಉಟ್ಟು ಹೋಗಿದ್ದರಂತೆ. ಒಮ್ಮೆ ಈ ಪಕ್ಷ, ಒಮ್ಮೆ ಆ ಪಕ್ಷ ಎಂದು ಹಾಕಿ ನೋಡಿದರಂತೆ. ಎರಡು ಸಲವೂ ವಾರ್ಡಿಗೆ ಬರುವ ಬಡ ರೋಗಿಗಳು ಬಿಲ್ಲಿಗೆ ಹೆದರಿ ಅರ್ಧ ಚಿಕಿತ್ಸೆಯಲ್ಲೇ ಎದ್ದು ಹೋಗುವುದು ತಪ್ಪಲಿಲ್ಲ. ಎರಡು ಪಕ್ಷಗಳೂ ಒಳಗೊಳಗೆ ಒಂದೇ ಎಂಬ ಸಂಶಯ ಹುಟ್ಟಿದ್ದು ಆಗ. ಈಗ ಅದು ಗಂಡನ ಮೇಲೂ, ಬಹುಶಃ ನನ್ನ ಮೇಲೂ ಹರಡಿತ್ತು.

ಕೆಲವು ದಿನಗಳ ನಂತರ ಭಾವ ನಮ್ಮ ಬಾಗಿಲಿಗೆ ಬಂದು ಥ್ಯಾಂಕ್ಸ್ ಹೇಳಿದರು. ನನ್ನ ಮಾತಿನಿಂದಲೇ ಅಕ್ಕ ಅವರ ಪಕ್ಷಕ್ಕೆ ಹಾಕಿದರಂತೆ. ನಾನು ಅಂಥ ಮಾತು ಆಡಿಯೇ ಇರಲಿಲ್ಲ. ಅಕ್ಕನನ್ನು ಕೇಳಿದೆ.

"ಮನೆಯಲ್ಲಿ ಶಾಂತಿ ಬೇಕಲ್ಲ, ಹಾಗೆ ಹೇಳಿದೆ. ಹಾಕಿದ್ದು ಮೂರನೆಯವರಿಗೆ. ನೀನು ಬಾಯಿ ಬಿಡ್ಬೇಡ."

ಅಂದಿನಿಂದ ನನಗೂ ನೆಮ್ಮದಿಯಿಲ್ಲ. ನಾನು ಭಾವನ ಕಡೆಯವಳೆಂದು ಅಕ್ಕನಿಗೆ ಅನಿಸಿದ್ದರೆ ನನಗೂ ಸುಳ್ಳೇ ಹೇಳಿರಬಹುದು. ಅಥವಾ ಯಾರಿಗೂ ಹಾಕದೇ ಇದ್ದಿರಬಹುದು.

ಫಲಿತಾಂಶದ ದಿನ ಅವರ ಮನೆಯಲ್ಲೇ ಇದ್ದೆ. ಭಾವನ ಪಕ್ಷ ಸೋತಿತು. ಅವರು ಟೀವಿ ಆರಿಸಿ ಹೆಂಡತಿಯ ಕಡೆ ತಿರುಗಿದರು. "ನೀನು ಹಾಕಿದ್ದು ಹೌದಲ್ಲಾ?"

"ಹೇಳಿದೆನಲ್ಲ," ಎಂದರು ಅಕ್ಕ.

ಭಾವ ನನ್ನನ್ನು ನೋಡಿದರು. ನಾನು ತಟ್ಟೆಯಲ್ಲಿದ್ದ ಖರ್ಜೂರದ ಬೀಜ ಬಿಡಿಸುತ್ತಾ ಕೂತೆ. ಮತ್ತೆಂದೂ ಅವರು ನನ್ನ ಹತ್ತಿರ ಅಕ್ಕನ ವಿಷಯ ಎತ್ತಲಿಲ್ಲ.