ಹರಿಯದ ಹಗ್ಗ

ಶೆಟ್ಟಿಕೆರೆಯ ಕಾಡಸಿದ್ದಪ್ಪನಿಗೆ ತೋಟ ತುಡಿಕೆ ಏನೂ ಇರಲಿಲ್ಲ. ಇದ್ದದ್ದು ಒಂದು ಹಳೆಯ ಬಾಡಿಗೆ ಕಾರು. ಹೆರಿಗೆ ನೋವು ಬಂದವರಿರಲಿ, ಹಾವು ಕಡಿಸಿಕೊಂಡವರಿರಲಿ, ಹೆಣ್ಣು ನೋಡಲು ಹೊರಟವರಿರಲಿ, ಮೊದಲು ನೆನಪಾಗುತ್ತಿದ್ದುದು ಅವನೇ. ಊರಿನವರು ‘ಕಾರಪ್ಪ’ ಎಂದರೆ ಬೈಸಿಕೊಂಡವನಂತೆ ಮುಖ ಮಾಡುತ್ತಿದ್ದ, ಒಳಗೊಳಗೇ ಹಿಗ್ಗುತ್ತಿದ್ದ.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಎಂಜಿನ್ ಸೀಜ್ ಆಗಿ ಕಾರು ನಡುಬೀದಿಯಲ್ಲೇ ನಿಂತಿತು. ತಿಪಟೂರಿನ ಮೆಕ್ಯಾನಿಕ್ ಹತ್ತಿರ ಎಳೆಸಿಕೊಂಡೇ ಹೋಗಬೇಕು. ಅಲ್ಲಿನ ಹರಾಜಿಗೇ ಕೊಬ್ಬರಿ ತುಂಬಿಕೊಂಡು ಹೊರಟಿದ್ದ ಲಾರಿಯ ದಾಸಯ್ಯ ಎಳೆಯಲು ಒಪ್ಪಿದ. ಆದರೆ ಯಾವುದರಲ್ಲಿ ಕಟ್ಟಿ ಎಳೆಯುವುದು? ಲಾರಿಯ ಸರಪಳಿ ತುಕ್ಕು ತಿಂದಿತ್ತು.

ಕುಲುಮೆಯ ಹುಚ್ಚರಂಗಯ್ಯ ಕಾರಿನಲ್ಲಿ ಕೂತು ಬ್ರೇಕ್ ತುಳಿದು ನೋಡಿದ.

“ಮೂರು ಸಲ ತುಳಿದ್ರೇನೇ ಹಿಡಿಯೋದು, ಹಗ್ಗ ಸರಪಳಿ ಯಾವ್ದೂ ಬ್ಯಾಡ ಕಣಪ್ಪ. ಕಬ್ಬಿಣದ ಪೈಪಿಗೆ ಎರಡು ಕಡೆ ಕೊಂಡಿ ಹಾಕ್ಕೊಡ್ತೀನಿ, ಲಾರಿ ನಿಂತ್ರೆ ಕಾರೂ ನಿಲ್ತದೆ. ಮುಂದಿನ ಹರಾಜಿನ ಲಾರಿಗೆ ಕಟ್ಟು.”

“ಅಲ್ಲೀಗಂಟ ಬೀದೀಲಿ ನಿಲ್ಲಿಸ್ಲಾ? ಆಗ್ಲೇ ಎಲ್ರೂ ಹಲ್ಲು ಕಿರೀತವ್ರೆ.”

“ಬೇಯೋಗಂಟ ಇದ್ದೋನು ಆರೋಗಂಟ ಇರಕ್ಕಾಗಲ್ವಾ?”

ಇರಲಾಗಲಿಲ್ಲ. ಹೆಂಡತಿ ಚಿಕ್ಕಗೌರಮ್ಮ ಬೇಡವೆಂದರೂ ಕೇಳದೆ ಬಾವಿಯ ನಾರಿನ ಹಗ್ಗ ಬಿಚ್ಚಿ ತಂದು, ತೊಟ್ಟಿಯಲ್ಲಿ ನೆನೆಸಿದ. ನೆಂದ ತೆಂಗಿನ ನಾರು ಗಟ್ಟಿ ಎಂಬುದು ಈ ಸೀಮೆಯ ಕೂಸಿಗೂ ಗೊತ್ತು. ಎರಡು ಮಡಿ ಮಾಡಿ ನಾಲ್ಕು ಜನ ಜಗ್ಗಿ ನೋಡಿದರು. ಹಗ್ಗ ಹರಿದೀತೇ ಎಂದು ಯೋಚಿಸಿದರೇ ಹೊರತು ಬೇರೇನನ್ನೂ ಯೋಚಿಸಲಿಲ್ಲ. ನಮ್ಮ ಜನಕ್ಕೆ ತೆಂಗಿನ ಮೇಲಿರುವ ನಂಬಿಕೆ ದೇವರ ಮೇಲೂ ಇಲ್ಲ.

ಏರಿನಲ್ಲಿ ಹಗ್ಗ ಅವರ ನಂಬಿಕೆ ಉಳಿಸಿತು. ಇಳಿಜಾರಿನಲ್ಲಿ ಎತ್ತಿನ ಗಾಡಿಯೊಂದು ಅಡ್ಡ ಬಂದು ದಾಸಯ್ಯ ಲಾರಿ ನಿಲ್ಲಿಸಿದ. ಹಗ್ಗ ಎಳೆದೀತು, ತಡೆದೀತೇ? ಕಾಡಸಿದ್ದಪ್ಪ ಒಮ್ಮೆ ತುಳಿದ, ಇನ್ನೊಮ್ಮೆ ತುಳಿದ. ಮೂರನೆಯದಕ್ಕೆ ಹೊತ್ತಿರಲಿಲ್ಲ, ಕಾರು ಲಾರಿಯ ಹಿಂಬದಿಗೆ ನುಗ್ಗಿತ್ತು.

ಕಾರು ಗುಜರಿಗೆ ಹೋಯಿತು. ಆಸ್ಪತ್ರೆಯಲ್ಲಿ ಅವನ ಬಲಗಾಲನ್ನು ಮಂಡಿಯ ಮೇಲಕ್ಕೇ ಕತ್ತರಿಸಿ ತೆಗೆದರು. ಈಗ ಹೆರಿಗೆ ನೋವು ಬಂದರೆ ಪಕ್ಕದೂರಿನ ಜೀಪು ಬರುತ್ತದೆ, ಅವನ ಮನೆಯ ಮುಂದೆಯೇ ಹಾದು ಹೋಗುತ್ತದೆ. ‘ಕಾರಪ್ಪ’ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆ ಹೆಸರು ಇನ್ನೊಂದು ಸಲ ಕಿವಿಗೆ ಬೀಳಲಿ ಎಂದು ಅವನು ಹಂಬಲಿಸುವುದು ಯಾರಿಗೂ ಗೊತ್ತಿಲ್ಲ.

ಹಗ್ಗವನ್ನು ದಾಸಯ್ಯ ಜೋಪಾನವಾಗಿ ಬಿಚ್ಚಿ ತಂದುಕೊಟ್ಟಿದ್ದ. ಅದು ಮತ್ತೆ ಬಾವಿಗೇ ಹೋಯಿತು. ಎರಡು ವರ್ಷ ಕಾಡಸಿದ್ದಪ್ಪ ದಿನಾ ಬೆಳಿಗ್ಗೆ ಜಗಲಿಯಲ್ಲಿ ಕೂತು ರಾಟೆಯ ಸದ್ದು ಕೇಳುತ್ತ, ಇವತ್ತಾದರೂ ಹರಿಯಲಿ ಎಂದು ಕಾದ. ಕೊನೆಗೊಂದು ದಿನ ತಡೆಯಲಾರದೆ ಕೇಳಿದ.

“ಬ್ಯಾರೆ ಹಗ್ಗ ತರ್ಸಬಾರ್ದೇನೇ?”

ಚಿಕ್ಕಗೌರಮ್ಮ ಹಗ್ಗವನ್ನು ಕೈಯಲ್ಲೇ ತಿರುಗಿಸಿ ನೋಡಿದಳು.

“ಇದ್ಕೇನಾಗೈತೆ? ಇನ್ನೂ ನಾಕು ವರ್ಸ ಬತ್ತದೆ ಬುಡಿ.”

ಇನ್ನೂ ನಾಲ್ಕು ವರ್ಷ. ಕಾಡಸಿದ್ದಪ್ಪ ಗೋಡೆಯ ಕಡೆಗೆ ಹೊರಳಿ ಮಲಗಿದ.