ಸಿಂಕ್ ಬಳಿ ಉಸಿರಾಡುವವರು

ವಿದೇಶಕ್ಕೆ ಬಂದು ಕ್ಲಾಂಡಾಲ್ಕಿನ್ ಎಂಬ ಊರಲ್ಲಿ ಎಂ.ಎಸ್‌ಸಿ ಓದುತ್ತ ನಾನು ಬಾಡಿಗೆಗಿದ್ದದ್ದು ದ್ರಾಕ್ಷಾಯಿಣಿ ಅಕ್ಕನ ಮನೆಯಲ್ಲಿ. ಅಕ್ಕ ತಿಪಟೂರಿನಲ್ಲಿ ಅಂಗಡಿ ಬೋರ್ಡ್ ಬರೆಯುತ್ತಿದ್ದವರ ಮಗಳು. ಹಸಿ ಬೋರ್ಡುಗಳು ಮನೆಯ ನೆಲದ ಮೇಲೇ ಒಣಗುತ್ತಿದ್ದವು. ಧೂಳು ಏಳದಂತೆ ಬರಿಗಾಲಲ್ಲಿ ನಡೆಯುವುದನ್ನು ಅಪ್ಪ ಆಕೆಗೆ ಅಕ್ಷರಕ್ಕಿಂತ ಮೊದಲು ಕಲಿಸಿದ್ದರಂತೆ. ಇಲ್ಲಿ ಹೈಸ್ಕೂಲಿನ ಚಿತ್ರಕಲೆ ಟೀಚರ್ ಆದ ಮೇಲೂ ಬಣ್ಣವಿರುವ ಕೋಣೆಗೆ ಆಕೆ ಶೂ ಹಾಕಿಕೊಂಡು ಹೋದವರಲ್ಲ. ಬಾಗಿಲಲ್ಲೇ ಬಿಟ್ಟು ಕಾಲುಚೀಲದಲ್ಲಿ ಒಳಗೆ ಹೋಗುತ್ತಿದ್ದರು.

ಅದು 2021ರ ಮಾರ್ಚ್. ಕೋವಿಡ್‌ನಿಂದಾಗಿ ಶಾಲೆಗೆ ಕೊನೆಯ ವರ್ಷದವರಷ್ಟೇ ಬರುತ್ತಿದ್ದರು. ಅವರೂ ಮನೆಗೆ ಹೋದ ಮೇಲೆ, ಮೂರು ಗಂಟೆಗೆ, ಕ್ಲೋಡಾ ಎಂಬ ಹುಡುಗಿ ಒಬ್ಬಳೇ ಚಿತ್ರಕಲೆ ಕೋಣೆಯಲ್ಲಿ ಉಳಿಯುತ್ತಿದ್ದಳು. ಅವಳಿಗೆ ಹನ್ನೆರಡನೇ ವಯಸ್ಸಿನಲ್ಲಿ ಕಣ್ಣು ಪೂರ್ತಿ ಹೋಗಿತ್ತು. ಉಳಿದವರು ಚಿತ್ರ ಬರೆಯುವಾಗ ಅವಳ ಕೈಗೆ ಒಂದು ಮುದ್ದೆ ಜೇಡಿಮಣ್ಣು ಕೊಟ್ಟು ಕೂರಿಸುವುದು ಮೊದಲಿನ ಪದ್ಧತಿ.

"ಅದು ಪಾಠ ಅಲ್ಲ ಕಣೇ, ಮಗೂನ ಕಾಯೋದು," ಎಂದಿದ್ದರು ಅಕ್ಕ. ಮೆಹಂದಿ ಕೋನ್‌ನಲ್ಲಿ ಅಂಟು ತುಂಬಿ ಗೆರೆ ಎಳೆದರೆ ಅದು ಒಣಗಿ ಉಬ್ಬುತ್ತದೆ, ಬೆರಳಿಗೆ ಸಿಗುತ್ತದೆ. ಅಕ್ಕ ಕೋನ್ ಅನ್ನು ಕ್ಲೋಡಾಗೆ ಮಾತ್ರ ಕೊಡಲಿಲ್ಲ. ಇಡೀ ಕ್ಲಾಸಿಗೆ ಕೊಟ್ಟು, ಎಲ್ಲರ ಕಣ್ಣೂ ಮುಚ್ಚಿಸಿ ಬರೆಸಿದರು. ಆ ದಿನ ಎಲ್ಲರಿಗಿಂತ ನೇರವಾದ ಗೆರೆ ಕ್ಲೋಡಾಳದಾಗಿತ್ತು.

ಅಂತಿಮ ಪರೀಕ್ಷೆಗೆ ಅವಳು ಆರಿಸಿಕೊಂಡದ್ದು ಅದೇ ಕೋಣೆಯ ಚಿತ್ರ. ಕಿವಿಗೆ ಬಿದ್ದದ್ದನ್ನಷ್ಟೇ ಬರೆಯುತ್ತೇನೆ ಎಂದಳು. ಶುಕ್ರವಾರದೊಳಗೆ ಕೊಡಬೇಕು, ಕೊಡದಿದ್ದರೆ ಆರ್ಟ್ ಕಾಲೇಜಿನ ಆಸೆ ಬಿಡಬೇಕು. ಎರಡು ಮೀಟರ್ ದೂರದ ನಿಯಮವಿದ್ದುದರಿಂದ ಅಕ್ಕ ಅವಳ ಕೈ ಹಿಡಿಯುವಂತಿರಲಿಲ್ಲ. "ನಾನು ಮೇಜಿನ ಹತ್ರ ಇರ್ತೀನಿ," ಎಂದು ದಿನವೂ ಹೇಳಿ ಹೋಗಿ ಕೂರುತ್ತಿದ್ದರು.

ಆ ಕೊನೆಯ ವಾರದ ಸೋಮವಾರ ಅಕ್ಕ ಹಾಳೆಯನ್ನು ಹತ್ತಿರದಿಂದ ನೋಡಿದರು. ಗಾಳಿಗೆ ಬಡಿಯುವ ಕಿಟಕಿಯಿತ್ತು, ಗುಂಯ್‌ಗುಡುವ ಹೀಟರ್ ಇತ್ತು. ಮೂಲೆಯ ಸಿಂಕ್ ಪಕ್ಕದಲ್ಲಿ ಒಬ್ಬ ಮನುಷ್ಯನೂ ಇದ್ದ. ಕಾಲಿಲ್ಲ. ಸೊಂಟದಿಂದ ಮೇಲಷ್ಟೇ.

"ಇದ್ಯಾರು ಕ್ಲೋಡಾ?"

"ಅಲ್ಲಿ ಉಸಿರಾಡೋರು, ಮಿಸ್. ನೀವು ಮೇಜಿಗೆ ಹೋದ ಮೇಲೆ ಬರ್ತಾರೆ. ನಡೆದು ಬರಲ್ಲ. ಸುಮ್ನೆ ಅಲ್ಲಿರ್ತಾರೆ."

"ಭಯ ಆಗಲ್ವಾ?"

"ಗ್ರ್ಯಾಂಡ್, ಮಿಸ್," ಎಂದಳು, ಏನೂ ಇಲ್ಲ ಎನ್ನುವ ಅಲ್ಲಿನವರ ಮಾತಿನಲ್ಲಿ. ಹಾಗೆನ್ನುತ್ತಲೇ ಕುರ್ಚಿಯನ್ನು ಸಿಂಕ್‌ನಿಂದ ಆಚೆಗೆ ಎಳೆದುಕೊಂಡಳು.

ಆ ಸಿಂಕ್‌ನಲ್ಲಿ ದಿನವೂ ಮೂರೂವರೆಗೆ ಚಹಾ ಕಪ್ ತೊಳೆಯುತ್ತಿದ್ದವರು ಶಾಲೆಯ ಕಾವಲುಗಾರ ಮಿಕ್. ಜನವರಿಯಲ್ಲಿ ಕೋವಿಡ್‌ನಿಂದ ತೀರಿಕೊಂಡಿದ್ದರು. ಮಣ್ಣಿಗೆ ಹತ್ತು ಜನರಿಗಷ್ಟೇ ಅವಕಾಶವಿತ್ತು, ಅಕ್ಕನಿಗೆ ಹೋಗಲಾಗಿರಲಿಲ್ಲ. ಅವರ ಕಪ್ ಇನ್ನೂ ಸಿಂಕ್ ಮೇಲಿನ ಹಲಗೆಯಲ್ಲೇ ಇತ್ತು.

ಹುಡುಗಿ ಹೋದ ಮೇಲೆ ಅಕ್ಕ ಒಂದು ತಪ್ಪು ಮಾಡಿದರು. ಅದು ಮಿಕ್ ಅವರೇ ಎಂಬ ಭಯಕ್ಕೆ ಬ್ಲೇಡ್ ತೆಗೆದುಕೊಂಡು ಆ ಮನುಷ್ಯನನ್ನು ಹಾಳೆಯಿಂದ ಕೆರೆದು ಹಾಕಿದರು.

ಮಂಗಳವಾರ ಕ್ಲೋಡಾಳ ಬೆರಳು ಕಿಟಕಿ ದಾಟಿತು, ಹೀಟರ್ ದಾಟಿತು, ಸಿಂಕ್ ಹತ್ತಿರ ನಿಂತಿತು. ಬರಿಯ ಹಾಳೆ.

"ಮಿಸ್, ಅವರು ಹಾಳೆಯಿಂದ ಎದ್ದು ಹೋಗಿದ್ದಾರೆ."

ನಾನೇ ಕೆರೆದೆ ಎನ್ನಲು ಅಕ್ಕನಿಗೆ ಬಾಯಿ ಬರಲಿಲ್ಲ. ಕ್ಲೋಡಾ ಬಿಳಿ ಕೋಲು ಬಿಡಿಸಿಕೊಂಡು ಎದ್ದಳು. "ಈ ಕೋಣೆಗೆ ಇನ್ನು ಬರಲ್ಲ. ಮಾರ್ಕ್ಸ್ ಹೋದ್ರೆ ಹೋಗ್ಲಿ."

ಬುಧವಾರ ಅವಳು ಬರಲೇ ಇಲ್ಲ. ಅಂದು ಸಂಜೆ ನಾನು ಅಡುಗೆಮನೆಯಲ್ಲಿ ಇಯರ್‌ಫೋನ್ ತೆಗೆದಿಟ್ಟು ಈರುಳ್ಳಿ ಹೆಚ್ಚುತ್ತಿದ್ದೆ. ಕತ್ತಿನ ಹಿಂದೆ ಯಾರೋ ಉಸಿರು ಬಿಟ್ಟಂತಾಗಿ ಚಾಕು ಕೈಜಾರಿತು. ತಿರುಗಿದರೆ ಅಕ್ಕ.

"ಅಯ್ಯೋ ಅಕ್ಕಾ, ಯಾವಾಗ ಬಂದ್ರಿ? ಜೀವ ಹೋಯ್ತು ನಂದು! ಒಂಚೂರು ಕೆಮ್ಮಬಾರ್ದಾ?"

"ಈಗ ಕೆಮ್ಮಿದ್ರೆ ಮನೆ ಬಿಟ್ಟು ಓಡ್ತೀಯಾ," ಎಂದು ನಕ್ಕವರು ಹಾಗೇ ನಿಂತುಬಿಟ್ಟರು. ತಮ್ಮ ಕಾಲುಚೀಲ ನೋಡಿಕೊಂಡರು. "ನಾನು ಮೇಜಿನ ಹತ್ರ ಕೂರ್ತೀನಿ ಅಂತೀನಿ. ಐದು ನಿಮಿಷ ಕೂರೋಕಾಗಲ್ಲ ಕಣೇ. ಎಲ್ಲಿ ಗೆರೆ ತಪ್ತಾಳೋ ಅಂತ ಎದ್ದು ಹೋಗಿ ನೋಡ್ತೀನಿ. ಎರಡು ಮೀಟರ್ ದೂರ ನಿಂತ್ರೆ ಎಲ್ಲಿಗೆ ಬರ್ತೀನಿ ಹೇಳು?"

ಸಿಂಕ್‌ಗೆ. ಮಾಸ್ಕ್ ಒಳಗೆ ಉಸಿರಾಡುತ್ತ, ಸದ್ದಿಲ್ಲದೆ, ಮೂರು ವಾರ.

ಆ ಕ್ಷಣವೇ ಕ್ಲೋಡಾಳ ತಾಯಿಗೆ ಫೋನ್ ಮಾಡಿದರು. ಹುಡುಗಿಯೇ ಫೋನ್ ತೆಗೆದುಕೊಂಡಾಗ ತಾವು ಸಿಂಕ್ ಬಳಿ ನಿಂತಿದ್ದನ್ನೂ ಕೆರೆದಿದ್ದನ್ನೂ ಹೇಳಿದರು.

"ನಿಂತಿದ್ದು ಬಿಡಿ ಮಿಸ್. ಕೆರೆದಿದ್ದು ಯಾಕೆ? ನನಗೆ ಕೇಳಿಸಿದ್ದು ನಿಜಾನೇ ಆಗಿತ್ತಲ್ಲ."

"ತಪ್ಪಾಯ್ತು," ಎಂದರು ಅಕ್ಕ.

ಗುರುವಾರ ಮೂರು ಗಂಟೆಗೆ ಕ್ಲೋಡಾ ಬಂದಳು. ಬಾಗಿಲಲ್ಲಿ ಅಕ್ಕನ ಕೈ ಅಭ್ಯಾಸಬಲದಿಂದ ಶೂ ಲೇಸ್‌ಗೆ ಹೋಯಿತು.

"ಬಿಚ್ಚಬೇಡಿ. ನಡೀರಿ. ಇನ್ನೂ ಜೋರಾಗಿ," ಎಂದಳು ಕ್ಲೋಡಾ.

ಅಪ್ಪ ಕಲಿಸಿದ್ದನ್ನು ಮೀರಿ, ಬಣ್ಣದ ಕೋಣೆಯಲ್ಲಿ ಆಕೆ ಮೊದಲ ಸಲ ಟಕಟಕ ನಡೆದರು. ಖಾಲಿ ಶಾಲೆಯ ಕಾರಿಡಾರಿನಲ್ಲೂ ಯಾರೋ ಜೊತೆಗೆ ನಡೆದಂತೆ ಸದ್ದು ಮರಳಿ ಬಂತು. ಕ್ಲೋಡಾ ಹಾಳೆಯ ಮೇಲೆ ಹೆಜ್ಜೆಗೊಂದರಂತೆ ಅಂಟಿನ ಚುಕ್ಕೆ ಇಡುತ್ತ ಹೋದಳು. ಚುಕ್ಕೆಗಳು ಬಾಗಿಲಿನಿಂದ ಸಿಂಕ್‌ವರೆಗೆ ಬಂದು, ಕೆರೆದ ಜಾಗದ ಒರಟಿನ ಮೇಲೆ ನಿಂತವು. ಅಲ್ಲಿ ಮತ್ತೆ ಮನುಷ್ಯನನ್ನು ಬರೆದಳು. ಈ ಸಲವೂ ಕಾಲಿರಲಿಲ್ಲ.

"ಕಾಲು?" ಎಂದರು ಅಕ್ಕ.

"ನಿಂತಾಗ ಕೇಳಿಸಲ್ಲ, ಮಿಸ್. ಕೇಳಿಸದ್ದು ಬರೆಯಲ್ಲ."

ಶುಕ್ರವಾರ ಹಾಳೆ ಹಾಗೆಯೇ ಪರೀಕ್ಷೆಗೆ ಹೋಯಿತು.