ಹದಿನಾಲ್ಕು ಜಗ್ ನೀರು

ನಮ್ಮತ್ತೆಯ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು ಒಂದೇ: "ಕೊಡು ಇಲ್ಲಿ." ಡಬ್ಬಿಯ ಮುಚ್ಚಳ ತಿರುಗದಿದ್ದರೆ ಕೊಡು ಇಲ್ಲಿ. ಬೀಗದಲ್ಲಿ ಕೀ ಸಿಕ್ಕಿಕೊಂಡರೆ ಕೊಡು ಇಲ್ಲಿ. ಮಗ, ಅಂದರೆ ನನ್ನ ಗಂಡ, ಹೊಸ ಮಂಚದ ಕಾಲು ಜೋಡಿಸಲಾಗದೆ ಬೆವರುತ್ತಿದ್ದರೆ ಅವರನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಕೊಡು ಇಲ್ಲಿ. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದ ಕೈ ಅದು. ಒದ್ದೆ ಹಾಸುಬಟ್ಟೆಯ ಬುಟ್ಟಿಯನ್ನು ಬೇರೆಯವರು ಇಬ್ಬಿಬ್ಬರು ಹಿಡಿದರೆ ಅತ್ತೆ ಒಬ್ಬರೇ ಎತ್ತುತ್ತಿದ್ದರಂತೆ. ಇದನ್ನು ಅವರು ಹೇಳಿಕೊಂಡದ್ದಲ್ಲ, ನಿವೃತ್ತಿಯ ದಿನ ಜೊತೆಯವರು ಹೇಳಿದ್ದು. ಆ ಜೊತೆಯವರು ಕೊಟ್ಟ ಗಡಿಯಾರವನ್ನು ಚೀಲಕ್ಕೆ ಹಾಕಿಕೊಂಡು ಅತ್ತೆ ಮನೆಗೆ ಬಂದರು, ಮರುದಿನವೂ ಅಭ್ಯಾಸದಂತೆ ನಾಲ್ಕೂವರೆಗೆ ಎದ್ದು ಕೂತರು. ಹೋಗಲು ಕೆಲಸವಿರಲಿಲ್ಲ. ಹತ್ತೇ ದಿನದಲ್ಲಿ ಮುಖ ಸಣ್ಣಗಾಯಿತು. ಕೈಯಿಂದ ಕೆಲಸ ಕಿತ್ತುಕೊಂಡರೆ ಈ ಹೆಂಗಸು ಉಳಿಯುವುದಿಲ್ಲ ಎಂದು ನನಗೆ ಅವತ್ತೇ ಗೊತ್ತಾಗಿತ್ತು. ಗೊತ್ತಾದದ್ದನ್ನು ನೆನಪಿಟ್ಟುಕೊಳ್ಳುವ ಬುದ್ಧಿ ಮಾತ್ರ ಇರಲಿಲ್ಲ.

ನನ್ನದು ಮೂಗಿನ ತುದಿಯಲ್ಲೇ ಕೋಪ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರಿಂದಲೇ ಆದದ್ದು.

ಮನೆಯ ಮುಂದಿನ ಕೋಣೆಯ ಕಿಟಕಿ ರಸ್ತೆಗೆ ತೆರೆಯುತ್ತದೆ. ಆ ಕಿಟಕಿಯೇ ನನ್ನ ಕಾಫಿ ಅಂಗಡಿ. ಎದುರಿಗೆ ವಾಹನ ಪರವಾನಗಿ ಕಚೇರಿ, ಬೆಳಿಗ್ಗೆಯಿಂದಲೇ ಸಾಲು. ಮುಚ್ಚಿಹೋಗುತ್ತಿದ್ದ ಬೇಕರಿಯೊಂದರಿಂದ ಹತ್ತು ತಿಂಗಳ ಹಿಂದೆ ಹಳೆಯ ಎಸ್ಪ್ರೆಸೊ ಮಷೀನು ತಂದೆ. ಹಿಂಬದಿಯಲ್ಲಿ ಆರು ಲೀಟರಿನ ನೀರಿನ ಟ್ಯಾಂಕು, ಮುಂದೆ ಕಾಫಿ ಇಳಿಯುವ ಒಂದೇ ಬಾಯಿ, ಪಕ್ಕದಲ್ಲಿ ಹಾಲು ಕಾಯಿಸುವ ಹಬೆಯ ಕೊಳವೆ. ಮೊದಲ ನಾಲ್ಕು ತಿಂಗಳು ಮುತ್ತಿನಂತೆ ನಡೆಯಿತು. ಆಮೇಲೆ ಕಾಫಿ ದಾರದಂತೆ ಇಳಿಯತೊಡಗಿತು. ಮೆಕ್ಯಾನಿಕ್ ಬಂದು, ಬಿಚ್ಚಿ, ಒಳಗೆಲ್ಲ ಸುಣ್ಣ ಕಟ್ಟಿದೆ ಎಂದು ತೋರಿಸಿದ. "ನಿಮ್ ನಲ್ಲಿ ನೀರು ಗಡಸು ಅಕ್ಕಾ. ಕ್ಯಾನ್ ನೀರು ಬಿಟ್ಟು ಬೇರೆ ಮುಟ್ಟಬೇಡಿ. ಆಗ ವರ್ಷಕ್ಕೆ ಒಂದ್ಸಲ ತೊಳೆದ್ರೆ ಸಾಕು" ಅಂದ. ಅವತ್ತಿನಿಂದ ಹಿಂಬಾಗಿಲ ಹತ್ತಿರ ಇಪ್ಪತ್ತು ಲೀಟರಿನ ಕ್ಯಾನು ಬಂದು ಕೂತಿತು. ನಲ್ಲಿ ನೀರು ಮಷೀನಿಗೆ ಹಾಕಿದವರನ್ನು ಮನೆಯಿಂದ ಆಚೆ ಹಾಕುತ್ತೇನೆ ಎಂದು ನಾನು ಎಲ್ಲರ ಮುಂದೆ ಸಾರಿದೆ. ಎಲ್ಲರೂ ಎಂದರೆ ಇಬ್ಬರು, ಗಂಡ ಮತ್ತು ಅತ್ತೆ.

ಗಂಡ ಬಸ್ ಡ್ರೈವರ್. ಮೊದಲ ಪಾಳಿ. ಐದೂಕಾಲಿಗೆ ಮಷೀನಿನಲ್ಲಿ ತಮ್ಮ ಕಾಫಿ ತಾವೇ ಮಾಡಿಕೊಂಡು ಹೋಗುತ್ತಾರೆ. ನಾನು ಆರಕ್ಕೆ ಏಳುತ್ತೇನೆ. ಅಷ್ಟರಲ್ಲಿ ಟ್ಯಾಂಕು ತುಂಬಿರುತ್ತದೆ. ರಾತ್ರಿ ಖಾಲಿ ಮಾಡಿ ಮಲಗಿದ್ದು ಬೆಳಿಗ್ಗೆ ಕಂಠಮಟ್ಟ ತುಂಬಿರುತ್ತದೆ. ಬಾಯಿಬಿಟ್ಟು ಒಂದು ಮಾತೂ ಹೇಳದೆ ದಿನಾ ಮಾಡುತ್ತಾರಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು. ಅದೇ ಹಿಗ್ಗಿನಲ್ಲಿ ಹಾಸಿಗೆಯ ಮೇಲೆ ಬಿದ್ದಿರುತ್ತಿದ್ದ ಅವರ ಒದ್ದೆ ಟವೆಲ್ಲನ್ನು ಹತ್ತು ತಿಂಗಳಿಂದ ಕ್ಷಮಿಸಿಕೊಂಡು ಬಂದಿದ್ದೆ. ಕ್ಷಮೆ ನನಗೆ ಸುಲಭದ ಕೆಲಸವಲ್ಲ.

ಈಗ ಆರೇ ತಿಂಗಳಿಗೆ ಮತ್ತೆ ಅದೇ ಗೋಳು. ಕಾಫಿ ತೊಟ್ಟಿಕ್ಕುತ್ತದೆ, ಹಬೆ ಕೆಮ್ಮುತ್ತದೆ. ಶುಕ್ರವಾರ ಕಚೇರಿಯ ಹೆಡ್ ಕ್ಲರ್ಕ್ ಕಿಟಕಿಗೆ ಬಂದು, "ನೋಡಮ್ಮಾ, ನಮ್ಮವರು ಅರ್ಧ ಗಂಟೆ ಕಾಯೋಕಾಗಲ್ಲ. ಸೋಮವಾರಾನೂ ಹೀಗೇ ಆದ್ರೆ ಒಳಗೇ ಒಂದು ಗುಂಡಿ ಒತ್ತೋ ಮಷೀನ್ ಇಡಿಸ್ತೀನಿ" ಎಂದರು. ಅವರು ಅದನ್ನು ಇಟ್ಟರೆ ನನ್ನ ಕಿಟಕಿ ಬರೀ ಕಿಟಕಿಯಾಗುತ್ತದೆ. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವನಿಗೆ ನಾವಿಟ್ಟ ಹೆಸರೇ "ನಾಳೆ ಬರ್ತೀನಿ."

"ಒಂಬತ್ತು ದಿನ ಪುರುಸೊತ್ತಿಲ್ಲ ಅಕ್ಕಾ. ನಲ್ಲಿ ನೀರು ಹಾಕಿದ್ರಾ?"

"ಒಂದು ಹನಿ ಹಾಕಿಲ್ಲ."

"ಹಾಕಿದ್ದೀರಾ. ಮಷೀನ್ ಸುಳ್ಳು ಹೇಳಲ್ಲ ಅಕ್ಕಾ."

ಹಾಗಾದರೆ ನಾನು ಸುಳ್ಳು ಹೇಳುತ್ತೇನೆಯೇ! ಫೋನ್ ಇಟ್ಟು, ನಾನೇ ತೊಳೆಯುತ್ತೇನೆ ಎಂದು ಹಟ ತೊಟ್ಟೆ.

ಭಾನುವಾರ ಬೆಳಿಗ್ಗೆ ಮಷೀನಿನ ಪ್ಲಗ್ ಕಿತ್ತು, ಆರಲು ಬಿಟ್ಟು, ಹಳೆಯ ಟವೆಲ್ ಹಾಸಿಕೊಂಡು ಕೂತೆ. (ಯಾರ ಟವೆಲ್ ಎಂದು ಬೇರೆ ಹೇಳಬೇಕಿಲ್ಲ.) ಜೊತೆಗೆ ಬಂದಿದ್ದ ಪುಸ್ತಿಕೆ ನಮಗ್ಯಾರಿಗೂ ಓದಲು ಬಾರದ ಭಾಷೆಯಲ್ಲಿತ್ತು. ಚಿತ್ರಗಳಿದ್ದವು. ಪ್ರತಿ ಚಿತ್ರದಲ್ಲೂ ಒಬ್ಬ ಮನುಷ್ಯ ನಗುನಗುತ್ತ ಸ್ಕ್ರೂ ಬಿಚ್ಚುತ್ತಿದ್ದ. ಅವನ ಸ್ಕ್ರೂ ಬರುತ್ತಿತ್ತು, ನನ್ನದು ಬರಲಿಲ್ಲ. ಕಾಫಿ ಇಳಿಯುವ ಬಾಯಿಗೆ ಒಂದು ಜರಡಿ, ಆ ಜರಡಿಗೆ ನಡುವೆ ಒಂದೇ ಸ್ಕ್ರೂ. ಕೆಳಗಿನಿಂದ ಕತ್ತು ತಿರುಚಿ ಮೇಲೆ ನೋಡುತ್ತ ಬಿಚ್ಚಬೇಕು. ಸ್ಕ್ರೂಡ್ರೈವರ್ ಮೂರು ಸಲ ಜಾರಿ ಹೆಬ್ಬೆರಳಿಗೆ ಚುಚ್ಚಿತು. ಹಳೆಯ ಕಾಫಿಯ ಕಪ್ಪು ನೀರು ತೋಳಿನೊಳಗೆ ಇಳಿದು ಕಂಕುಳ ತಲುಪಿತು.

ಅತ್ತೆ ಬಾಗಿಲಲ್ಲಿ ಬಂದು ನಿಂತರು. ಈಗ ಬರುತ್ತದೆ "ಕೊಡು ಇಲ್ಲಿ" ಎಂದು ನಾನು ಸ್ಕ್ರೂಡ್ರೈವರನ್ನು ಅರ್ಧ ಚಾಚಿಯೇ ಇದ್ದೆ. ಬರಲಿಲ್ಲ. ಸ್ವಲ್ಪ ಹೊತ್ತು ನೋಡಿ ಒಳಗೆ ಹೋದರು. ಬೇಡದಾಗ ಬರುವ ಕೈ ಬೇಕಾದಾಗ ನೆಂಟರ ಕೈಯಾಗಿಬಿಟ್ಟಿತು ನೋಡು ಎಂದು ಹಲ್ಲು ಕಚ್ಚಿದೆ. ಆ ಸಿಟ್ಟಿಗೇ ಸ್ಕ್ರೂ ಕಿರ್ರೆಂದು ತಿರುಗಿತು.

ಜರಡಿಯ ಹಿಂದೆ ನೋಡಿದೆ. ಬಿಳಿ ಸುಣ್ಣ, ಉಗುರಿನಷ್ಟು ದಪ್ಪ. ರಬ್ಬರ್ ವಾಷರ್ ಕಲ್ಲಾಗಿತ್ತು. ಹಬೆಯ ಕೊಳವೆಯ ನಾಲ್ಕು ತೂತಿನಲ್ಲಿ ಮೂರು ಮುಚ್ಚಿದ್ದವು, ಪಿನ್ನಿನಿಂದ ಒಂದೊಂದೇ ಕೊರೆದೆ. ಲೀಟರಿಗೆ ಎರಡು ಚಮಚ, ಸುಣ್ಣ ಬಿಡಿಸುವ ನಿಂಬೆ ಉಪ್ಪು ಬಿಸಿನೀರಿನಲ್ಲಿ ಕರಗಿಸಿ ಟ್ಯಾಂಕಿಗೆ ಸುರಿದೆ. ಪ್ಲಗ್ ಹಾಕಿ ಕಾಯಿಸಿ ಒಂದು ಲೋಟ ಬಿಟ್ಟೆ, ಇಪ್ಪತ್ತು ನಿಮಿಷ ಕಾದೆ, ಮತ್ತೊಂದು ಲೋಟ ಬಿಟ್ಟೆ. ಬಿಳಿ ಚೂರುಗಳು ಬಂದವು. ಮತ್ತೆ ಕಾದೆ. ಮತ್ತೆ ಚೂರುಗಳು. ಮಧ್ಯಾಹ್ನವಾದರೂ ಮುಗಿಯಲಿಲ್ಲ. ಆ ಚೂರುಗಳನ್ನು ಒಂದು ತಟ್ಟೆಯಲ್ಲಿ ಗುಡ್ಡೆ ಹಾಕಿ, ಊಟಕ್ಕೆ ಕೂತಿದ್ದವರ ನಡುವೆ ಟಪ್ಪೆಂದು ಇಟ್ಟೆ.

"ಯಾರು ನಲ್ಲಿ ನೀರು ಹಾಕಿದ್ದು?"

"ನಾನಂತೂ ಅಲ್ಲ" ಎಂದರು ಗಂಡ.

"ನೀವಲ್ದೆ ಇನ್ಯಾರು? ಕ್ಯಾನ್ ಬಗ್ಗಿಸೋಕೆ ಸೋಮಾರಿತನ!"

"ಏನಿದು, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ? ಅಲ್ಲ ಅಂದ್ನಲ್ಲ!"

"ಹಾಗಾದ್ರೆ ಯಾರು ಹಾಕಿದಾರೋ ಅವರ ಕೈ ಸೇದಿಹೋಗ!"

"ಹೋಗ್ಲಿ ಬಿಡು. ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಳಲಿ?"

ಅತ್ತೆಯ ಎಡಗೈ ಆಗ ಬಲಹೆಗಲ ಮೇಲಿತ್ತು. ನಾನು ಕಣ್ಣಾರೆ ನೋಡಿದೆ. ಈಚೆಗೆ ಅವರು ಲೋಟವನ್ನೂ ಎಡಗೈಯಲ್ಲೇ ಹಿಡಿಯುತ್ತಿದ್ದರು, ಅದನ್ನೂ ನೋಡಿದ್ದೆ. ನೋಡಿದ್ದು ತಲೆಗೆ ಇಳಿಯಲಿಲ್ಲ, ತಲೆಯ ತುಂಬ ಸುಣ್ಣವೇ ಇತ್ತು.

ಸಂಜೆಯವರೆಗೆ ಮೂರು ಟ್ಯಾಂಕು ಒಳ್ಳೆಯ ನೀರು ಹರಿಸಿ ಹುಳಿ ಹೋಗುವಂತೆ ತೊಳೆದೆ. ಮೆಕ್ಯಾನಿಕ್ ಹಿಂದಿನ ಸಲ ಕೊಟ್ಟುಹೋಗಿದ್ದ ಹೊಸ ವಾಷರ್ ಹಾಕಿದೆ, ಜರಡಿ ಕೂರಿಸಿದೆ. ಕಾಫಿ ಇಲಿಯ ಬಾಲದಷ್ಟು ದಪ್ಪಗೆ, ನಿಧಾನವಾಗಿ, ಕಂದು ನೊರೆಯೊಂದಿಗೆ ಇಳಿಯಿತು. ನನ್ನ ಕೈಯಲ್ಲೇ ಆಯಿತಲ್ಲ ಎಂದು ಕುಣಿಯಬೇಕೆನಿಸಿತು. ಆದರೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಟ್ಯಾಂಕು ಖಾಲಿ ಮಾಡಿ ಮಲಗಿದೆ.

ಸೋಮವಾರ ಐದೂಕಾಲಿಗೆ ಮುಂದಿನ ಕೋಣೆಯಿಂದ ಕಿವಿ ಹರಿದುಹೋಗುವ ಸದ್ದು. ಓಡಿಹೋದೆ. ಮಷೀನಿನ ಪಂಪು ನೀರಿಲ್ಲದೆ ಕಿರುಚುತ್ತಿತ್ತು. ಗಂಡ ಸ್ವಿಚ್ ಆರಿಸಿ ನನ್ನತ್ತ ತಿರುಗಿದರು.

"ಟ್ಯಾಂಕ್ ತುಂಬಿಸೋದು ಮರೆತ್ಯಾ?"

"ನಾನ್ಯಾಕೆ ತುಂಬಿಸ್ಲಿ? ದಿನಾ ನೀವಲ್ವಾ ತುಂಬಿಸೋದು?"

"ನಾನಾ? ನೀನು ರಾತ್ರಿ ತುಂಬಿಸಿಟ್ಟು ಮಲಗ್ತೀಯ ಅಂತಲ್ವಾ ನಾನು..." ಅವರು ಟ್ಯಾಂಕಿನ ಮುಚ್ಚಳ ತೆರೆದು ನೋಡಿದರು. ಆಮೇಲೆ ಪೆಚ್ಚಾಗಿ ಹೇಳಿದರು, "ಅದಕ್ಕೇ ನೀನು ಎಷ್ಟು ಕೂಗಾಡಿದ್ರೂ ಸುಮ್ನಿರ್ತಿದ್ದೆ. ನನಗೋಸ್ಕರ ಇಷ್ಟು ಮಾಡ್ತಾಳಲ್ಲ ಅಂತ."

ಹತ್ತು ತಿಂಗಳು ಒಬ್ಬರನ್ನೊಬ್ಬರು ಸಹಿಸಿಕೊಂಡ ಪುಣ್ಯ ನಮ್ಮಿಬ್ಬರದೂ ಅಲ್ಲ. ಇಬ್ಬರೂ ಒಟ್ಟಿಗೇ ಅತ್ತೆಯ ಕೋಣೆಯ ಕಡೆ ನೋಡಿದೆವು. ಬಾಗಿಲು ಮುಚ್ಚಿತ್ತು. ತಳ್ಳಿದರೆ, ಅತ್ತೆ ತಲೆ ಬಾಚಿಕೊಂಡು, ದೀಪ ಹಾಕದೆ, ಮಂಚದ ಅಂಚಿನಲ್ಲಿ ಕೂತಿದ್ದರು. ನಿವೃತ್ತಿಯ ಮರುದಿನ ಕೂತಿದ್ದ ಹಾಗೆಯೇ.

"ಹಾಕಿದ್ದು ನಾನೇ. ಕ್ಯಾನ್ ಬಗ್ಗಿಸೋಕೆ ಆಗ್ಲಿಲ್ಲ. ಬಲಗೈ ಹೆಗಲ ಮಟ್ಟಕ್ಕೂ ಬರ್ತಿಲ್ಲ. ನೀನು ಹಾಲು ಕಾಯಿಸೋ ಸಣ್ಣ ಜಗ್ ಇದ್ಯಲ್ಲ, ಅದ್ರಲ್ಲಿ ನಲ್ಲಿಯಿಂದ ಎಡಗೈಲಿ ತರ್ತಿದ್ದೆ. ಹದಿನಾಲ್ಕು ಸಲ. ನೀರು ನೀರೇ ತಾನೇ ಅಂದ್ಕೊಂಡೆ."

"ಹೇಳ್ಬಾರ್ದಿತ್ತಾ ಅಮ್ಮಾ?" ಎಂದರು ಗಂಡ.

"ಹೇಳಿದ್ರೆ ಬೇಡ ಅಂತಿದ್ರಿ."

ನನಗೆ ನಿನ್ನೆಯ ಮಾತು ನೆನಪಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. "ತಪ್ಪಾಯ್ತು ಅತ್ತೆ. ಕೈ ಸೇದಿಹೋಗ ಅಂದ್ಬಿಟ್ಟೆ" ಎಂದೆ.

ಅತ್ತೆ ನಕ್ಕರು. "ಅದು ಸೇದಿಹೋಗಿ ಆಗ್ಲೇ ಆರು ತಿಂಗಳಾಯ್ತು ಕಣೇ. ನೀನು ಶಾಪ ಹಾಕಿದ್ದು ತಡವಾಯ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಗುವಿಗೆ ನನಗೆ ಅಳು ಬಂತು.

ಗಂಡ ತಾಯಿಯ ಪಕ್ಕ ಕೂತು ಮೆತ್ತಗೆ ಹೇಳಿದರು, "ಡಾಕ್ಟರ್‌ಗೆ ತೋರಿಸೋಣ. ಇನ್ಮೇಲೆ ನೀರು ನಾನೇ ತುಂಬ್ತೀನಿ. ನೀನು ಆರಾಮಾಗಿ ಮಲ್ಕೋ, ಸಾಕು." ಒಳ್ಳೆಯ ಮಗ, ಒಳ್ಳೆಯ ಮಾತು. ಅತ್ತೆ ತಲೆಯಾಡಿಸಿದರು. ಅವರ ಮುಖ ನಮ್ಮ ಕಣ್ಣೆದುರೇ ಸಣ್ಣಗಾಯಿತು. ಆ ಮುಖ ನಾನು ಮೊದಲೊಮ್ಮೆ ನೋಡಿದ್ದೆ.

"ನೀವು ಸುಮ್ನಿರ್ರೀ" ಎಂದೆ ಗಂಡನಿಗೆ. "ಮಷೀನ್ ನಂದು. ನೀರು ಯಾರು ತುಂಬ್ಬೇಕು ಅಂತ ನಾನು ಹೇಳ್ತೀನಿ. ಅತ್ತೇನೇ ತುಂಬೋದು. ಕ್ಯಾನಿಗೆ ಒಂದು ನಲ್ಲಿ ಹಾಕಿಸ್ಕೊಂಡು ಬನ್ನಿ, ಸ್ಟೂಲ್ ಮೇಲೆ ಇಡೋಣ. ಆರು ತಿಂಗಳ ಹಿಂದೆ ಮಾಡ್ಬೇಕಾದ ಕೆಲ್ಸ."

ಅವತ್ತು ಟ್ಯಾಂಕು ನಾನೇ ತುಂಬಿಸಿ ಏಳಕ್ಕೆ ಕಿಟಕಿ ತೆರೆದೆ. ಕಾಫಿ ತಡವಿಲ್ಲದೆ ಇಳಿಯಿತು. ಹೆಡ್ ಕ್ಲರ್ಕ್ ಎರಡು ಕಪ್ ಕುಡಿದರು, ಗುಂಡಿ ಒತ್ತುವ ಮಷೀನಿನ ಮಾತೆತ್ತಲಿಲ್ಲ. ನನಗೆ ಆಗಬೇಕಿದ್ದಷ್ಟು ಸಂತೋಷ ಆಗಲಿಲ್ಲ. ಸಂಜೆ ಡಾಕ್ಟರು ಹೆಗಲು ಬಿಗಿದಿದೆ, ದಿನಾ ವ್ಯಾಯಾಮ ಮಾಡಿಸಿ, ವರ್ಷ ಹಿಡಿಯಬಹುದು ಎಂದರು. ಗಂಡ ಕ್ಯಾನಿಗೆ ಪ್ಲಾಸ್ಟಿಕ್ ನಲ್ಲಿ ಸಿಕ್ಕಿಸಿ, ಸ್ಟೂಲಿನ ಎತ್ತರವನ್ನು ಎರಡು ಸಲ ಬದಲಿಸಿದರು. ದೊಡ್ಡ ಜಗ್ ತರುತ್ತೇನೆ ಎಂದದ್ದಕ್ಕೆ ಅತ್ತೆ, ಇದೇ ಇರಲಿ, ಎಡಗೈಗೆ ಹಗುರ ಎಂದರು.

ಮಂಗಳವಾರ ನಾಲ್ಕೂವರೆಗೆ ನನಗೆ ಎಚ್ಚರವಾಯಿತು. ಮುಂದಿನ ಕೋಣೆಯಲ್ಲಿ ದೀಪದ ಗೆರೆ. ಕ್ಯಾನಿನ ನಲ್ಲಿಯಿಂದ ನೀರು ಇಳಿಯುವ ಸದ್ದು, ಆಮೇಲೆ ಕಾಲು ಎಳೆಯುವ ಸದ್ದು, ಆಮೇಲೆ ಟ್ಯಾಂಕಿಗೆ ಸುರಿಯುವ ಸದ್ದು. ಒಂದು. ಎರಡು. ಐದನೆಯ ಸಲ ಜಗ್ ಎಲ್ಲಿಗೋ ತಗಲಿ ಠಣ್ ಎಂದಿತು. ಎದ್ದು ಹೋಗಿ ಜಗ್ ಕಿತ್ತುಕೊಂಡು ಎರಡೇ ನಿಮಿಷದಲ್ಲಿ ಮುಗಿಸಿಬಿಡಲೇ ಎಂದು ಕೈ ತುರಿಸುತ್ತಿತ್ತು. ಪಕ್ಕದಲ್ಲಿ ಗಂಡನೂ ಎಚ್ಚರವಾಗಿದ್ದರು. ಅವರು ಏಳಹೊರಟಾಗ ತೋಳು ಹಿಡಿದು ಮಲಗಿಸಿದೆ. ಹದಿನಾಲ್ಕನೆಯ ಜಗ್ ಸುರಿದು ಮುಚ್ಚಳ ಮುಚ್ಚುವವರೆಗೂ ನಾವಿಬ್ಬರೂ ಏಳಲಿಲ್ಲ.